ನಾಪೋಲಿಯಲ್ಲಿ ಕಡಿತ, ಕುವೈತಿನಲ್ಲಿ ಕೈತುಂಬ

ನಾಪೋಲಿ
11 ಫೆಬ್ರುವರಿ 2007

ಪ್ರೀತಿಯ ತಂಗಿ ಡಲ್ಸಿಗೆ,

ನಿನ್ನ ಕ್ರಿಸ್‌ಮಸ್ ಕಾಗದ ಫೆಬ್ರುವರಿಯಲ್ಲಿ ಬಂತು. ಕುವೈತಿನ ಅಂಚೆ ಒಂಟೆಯ ಮೇಲೆ ಹೊರಡುತ್ತದೆ ಎಂದು ಕಾಣುತ್ತದೆ. ಆದರೂ ಅದರಲ್ಲಿ ನೀನು ಬರೆದ ಮಾತಿಗೆ ಉತ್ತರ ಕೊಡದೆ ಬಿಡುವವಳಲ್ಲ ನಾನು. “ನಿನ್ನ ಇಟಲಿ ಸಂಬಳಕ್ಕೆ ಬಾಯಿ ಹಾಕ್ತದೆ, ನನ್ನ ಕುವೈತು ಒಂದು ಕಾಸೂ ಮುಟ್ಟಲ್ಲ” ಎಂದು ಬರೆದು, ಕೆಳಗೆ ನಗುವ ಮುಖ ಬೇರೆ ಬಿಡಿಸಿದ್ದೀಯ. ನಿನಗಿಂತ ಹದಿನಾಲ್ಕು ವರ್ಷ ದೊಡ್ಡವಳು ನಾನು. ಕೊಲಂಬೊದವರೆಗೂ ಹೆಸರಿದ್ದ ನಮ್ಮೂರು ವೆನ್ನಪ್ಪುವದ ಕಾನ್ವೆಂಟಿನಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದೇನೆ. ಕೂಡಿಸಿ ಕಳೆಯುವುದನ್ನು ನೀನು ನನಗೆ ಕಲಿಸಬೇಕಾಗಿಲ್ಲ.

ಇಲ್ಲಿ ಕಡಿಯುತ್ತಾರೆ, ನಿಜ. ನನ್ನ ಸಂಬಳದಿಂದ ಒಂದು ಪಾಲು, ಮನೆಯವರ ಜೇಬಿನಿಂದ ಇನ್ನೂ ದೊಡ್ಡ ಪಾಲು, ಮೂರು ತಿಂಗಳಿಗೊಮ್ಮೆ ಪಿಂಚಣಿ ಕಚೇರಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ತೆರಿಗೆ ಬೇರೆ. ನಾನು ನೋಡಿಕೊಳ್ಳುವ ಅಸುಂತಾ ಅಜ್ಜಿಯ ಮಗ ಚೀರೋ ವಕೀಲ. ಈ ಒಂದು ಕಂತು ಮಾತ್ರ ಅವನಿಗೆ ಯಾವಾಗಲೂ ಮರೆತುಹೋಗುತ್ತದೆ. ಅದಕ್ಕೇ ಅವನ ಕೈಯಿಂದ ದುಡ್ಡು ಇಸಿದುಕೊಂಡು ಅಂಚೆ ಕಚೇರಿಯ ಸಾಲಿನಲ್ಲಿ ನಾನೇ ನಿಂತು ಕಟ್ಟಿ ಬರುತ್ತೇನೆ. ಬಾಗಿಲು ತೆಗೆಯುವ ಮೊದಲೇ ನಿಂತಿರುತ್ತೇನೆ. ಹಿಂದಿನವರು ತಳ್ಳಿದರೆ ನಾನೂ ತಳ್ಳುತ್ತೇನೆ.

ಕೊಟ್ಟದ್ದಕ್ಕೆ ಏನು ಸಿಕ್ಕಿತು ಎಂದು ಕೇಳುತ್ತೀಯ. ಹೋದ ವರ್ಷ ಪಿತ್ತಕೋಶದ ಕಲ್ಲು ತೆಗೆದರಲ್ಲ, ಆಸ್ಪತ್ರೆಯಲ್ಲಿ ಯಾರೂ ದುಡ್ಡಿನ ಮಾತೆತ್ತಲಿಲ್ಲ. ಡಿಸೆಂಬರಿನಲ್ಲಿ ಹದಿಮೂರನೆಯ ತಿಂಗಳ ಸಂಬಳ ಕೊಡುತ್ತಾರೆ. ನೀನು ಆ ಊರಿನಲ್ಲಿ ಜ್ವರದ ಮಾತ್ರೆಗೂ ನಿನ್ನ ಚೀಲವನ್ನೇ ತೆರೆಯಬೇಕು.

ಇದನ್ನು ಸರ್ಕಾರ ನಡೆಸುವ ಚೀಟಿ ಎಂದುಕೋ. ಭಾನುವಾರ ಚರ್ಚಿನ ಪೂಜೆಯಾದ ಮೇಲೆ ಚೌಕದಲ್ಲಿ ಕೂತು ನಾವು ಊರಿನ ಹೆಂಗಸರು ಚೀಟಿ ಹಾಕುವುದಿಲ್ಲವೇ, ಹಾಗೆ. ತಿಂಗಳು ತಿಂಗಳು ಹಾಕುತ್ತೇವೆ, ಸರದಿ ಬಂದಾಗ ಎತ್ತುತ್ತೇವೆ. ಯಾರಿಗಾದರೂ ತುರ್ತಿದ್ದರೆ ಸರದಿ ಬಿಟ್ಟುಕೊಡುತ್ತೇವೆ. ಚಂದ್ರಾಣಿಯ ಮಗಳ ಮದುವೆಗೆ ನನ್ನ ಸರದಿಯನ್ನು ಬಿಟ್ಟುಕೊಟ್ಟೆನಲ್ಲ. ಈ ದೊಡ್ಡ ಚೀಟಿಯ ನನ್ನ ಸರದಿಯನ್ನೂ, ಅಂದರೆ ಮುಪ್ಪಿಗೆ ಬರುವ ಪಿಂಚಣಿಯನ್ನು, ಹಾಗೆಯೇ ಬಿಟ್ಟುಕೊಡುವುದೆಂದು ನಿರ್ಧರಿಸಿದ್ದೇನೆ. ಅದು ನಿನಗೆ. ನನಗೆ ರೋಷನ್ ಇದ್ದಾನೆ, ಹೆತ್ತ ಮಗ, ಅನ್ನ ಹಾಕದೆ ಎಲ್ಲಿ ಹೋಗುತ್ತಾನೆ. ನಿನಗೆ ಮದುವೆಯಾಗಲಿಲ್ಲ. ನಿನ್ನ ಹದಿನಾರು ವರ್ಷದ ಕುವೈತು ನನ್ನ ಮನೆಯ ಗೋಡೆಯಲ್ಲಿದೆ, ರೋಷನನ ವ್ಯಾನಿನ ಚಕ್ರದಲ್ಲಿದೆ. ನನಗೆ ಅದು ಕಾಣುವುದಿಲ್ಲ ಎಂದು ತಿಳಿಯಬೇಡ.

ಇಲ್ಲವೇ ಇಲ್ಲಿಗೇ ಬಾ. ಡಿಸೆಂಬರಿನಲ್ಲಿ ಸರ್ಕಾರ ಕೆಲಸಕ್ಕೆ ಬರುವ ಹೊರಗಿನವರಿಗೆ ಬಾಗಿಲು ತೆಗೆಯುತ್ತದಂತೆ. ಈ ಊರಿನಲ್ಲಿ ಮುದುಕಿಯರಿಗೆ ಬರವಿಲ್ಲ.

ನಿನ್ನ ಅಕ್ಕ
ಮಾರ್ಸಲೀನ್


ಕುವೈತ್
9 ಮಾರ್ಚ್ 2007

ಪ್ರೀತಿಯ ಅಕ್ಕನಿಗೆ,

ಇವತ್ತು ಶುಕ್ರವಾರ, ವಾರದ ರಜೆ. ಚರ್ಚಿನಿಂದ ಬಂದು ತೊಗರಿಬೇಳೆ ಬೇಯಲು ಇಟ್ಟು ಬರೆಯಲು ಕೂತಿದ್ದೇನೆ. ತೆಂಗಿನಕಾಯಿ ಸಂಬೋಲದ ಚಟ್ನಿಗೆ ಡಬ್ಬಿಯ ಕಾಯಿತುರಿಯೇ ಗತಿ. ನಿನ್ನ ಕಾಗದವನ್ನು ಕೋಣೆಯ ಹೆಂಗಸರಿಗೆಲ್ಲ ಓದಿ ಹೇಳಿದೆ. ಅಂಚೆ ಕಚೇರಿಯಲ್ಲಿ ನೀನು ತಳ್ಳುವ ಜಾಗಕ್ಕೆ ಬಂದಾಗ ನನ್ನ ಜೊತೆ ಹೊಲಿಯುವ ಮೆರ್ಲಿನ್ ಕೇಳಿದಳು, “ನಿಮ್ಮಕ್ಕ ಪೊಲೀಸಲ್ಲಿದ್ರಾ?”

ಅಕ್ಕ, ನನ್ನ ಲೆಕ್ಕ ಸುಲಭ. ತಿಂಗಳ ಕೊನೆಗೆ ಅಂಗಡಿಯ ಯಜಮಾನ ಲಕೋಟೆ ಕೊಡುತ್ತಾನೆ. ಒಳಗೆ ಎಷ್ಟು ಅಂದಿದ್ದನೋ ಅಷ್ಟು ಇರುತ್ತದೆ. ತೆರಿಗೆ ಎಂಬ ಪದ ಅರಬ್ಬಿಯಲ್ಲಿ ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕೊನೆಗೆ ಕೆಲಸ ಬಿಟ್ಟು ಹೊರಡುವಾಗ ಸೇವೆಯ ದುಡ್ಡು ಅಂತ ಒಂದು ಗಂಟು ಕೊಡುತ್ತಾರೆ, ಕಾನೂನೇ ಇದೆ. ವಾಸದ ಪರವಾನಗಿಗೆ, ಆರೋಗ್ಯ ವಿಮೆಗೆ ವರ್ಷಕ್ಕೊಮ್ಮೆ ಕಟ್ಟುತ್ತೇನೆ, ಅಷ್ಟೇ. ಹೀಗಿರುವಾಗ ನಾನ್ಯಾಕೆ ನಾಪೋಲಿಗೆ ಬಂದು ಅಜ್ಜಿಯರಿಗೆ ಸ್ನಾನ ಮಾಡಿಸಲಿ? ನಾನು ದರ್ಜಿ. ಮದುವಣಗಿತ್ತಿಯರ ನಿಲುವಂಗಿಗೆ ಮಣಿ ಕೂರಿಸುವವಳು.

ನಿನ್ನ ಸರದಿಯ ಮಾತನ್ನು ಈಗ ಮತ್ತೆ ಓದುತ್ತಾ ಬೇಳೆ ಕಡೆಗೂ ನೋಡಲಿಲ್ಲ, ತಳ ಹಿಡಿಯಿತು. ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ ಅಕ್ಕ. ಇಲ್ಲಿ ನಮ್ಮ ಕೋಣೆಯಲ್ಲಿ ರಾತ್ರಿ ದೀಪ ಆರಿಸಿದ ಮೇಲೆ ಎಲ್ಲರೂ ಮಾತಾಡುವುದು ಒಂದೇ, ಊರಿಗೆ ಹೋದ ಮೇಲೆ ಯಾರ ಮನೆಯ ಜಗಲಿಯಲ್ಲಿ ಮುದುಕಿಯಾಗುವುದು ಅಂತ. ಈಗ ನಾನು ಆ ಮಾತಿಗೆ ಸೇರುವುದಿಲ್ಲ. ಆ ಕಡೆ ಸೇವೆಯ ದುಡ್ಡು, ಈ ಕಡೆ ನಿನ್ನ ಸರದಿ. ಎರಡು ಊರುಗೋಲು ಇರುವ ಮುದುಕಿ ನಾನು.

ಕೈಬರಹ ದಪ್ಪವಾಗಿದೆ ಅಂತ ಬೈಯಬೇಡ. ಪೆನ್ನು ಕೆಟ್ಟದ್ದು.

ನಿನ್ನ
ಡಲ್ಸಿ


ನಾಪೋಲಿ
22 ಏಪ್ರಿಲ್ 2007

ಡಲ್ಸಿಗೆ,

ಒಪ್ಪಿದೆಯಲ್ಲ, ಒಳ್ಳೆಯದು. ಮೇ ತಿಂಗಳಲ್ಲಿ ತೆರಿಗೆ ಲೆಕ್ಕ ಕೊಡಲು ಕಾರ್ಮಿಕರ ಸಹಾಯ ಕಚೇರಿಗೆ ಹೇಗೂ ಹೋಗಬೇಕು. ಅಲ್ಲೇ ನಿನ್ನ ಹೆಸರು ಬರೆಸಿ ಬರುತ್ತೇನೆ. ನಿನ್ನ ಪೂರ್ತಿ ಹೆಸರು ಜ್ಞಾನಸ್ನಾನದ ಪತ್ರದಲ್ಲಿ ಇದ್ದ ಹಾಗೆಯೇ ಕಳಿಸು. ಅವರು ಒಂದು ಅಕ್ಷರ ತಪ್ಪಿದರೂ ಮೂರು ಸಲ ಓಡಾಡಿಸುತ್ತಾರೆ.

ಅಜ್ಜಿಯರಿಗೆ ಸ್ನಾನ ಮಾಡಿಸುವುದನ್ನು ಕೀಳಾಗಿ ಬರೆಯಬೇಡ. ನಿನ್ನ ಕಿವಿಯಲ್ಲಿರುವ ಚಿನ್ನದ ಓಲೆ ಆ ಸ್ನಾನದ ನೀರಿನಿಂದ ಬಂದದ್ದು.

ಮಾರ್ಸಲೀನ್


ಕುವೈತ್
3 ಆಗಸ್ಟ್ 2007

ಪ್ರೀತಿಯ ಅಕ್ಕನಿಗೆ,

ಹೆಸರು ಕಳಿಸಿ ಮೂರು ತಿಂಗಳಾಯಿತು. ಜೂನಿನಲ್ಲಿ ಇನ್ನೊಂದು ಕಾಗದ ಹಾಕಿದೆ. ಎರಡಕ್ಕೂ ಉತ್ತರವಿಲ್ಲ. ರೋಷನ್ ಫೋನಿನಲ್ಲಿ ಸಿಕ್ಕಾಗ ನೀನು ಚೆನ್ನಾಗಿದ್ದೀಯ ಎಂದ, ಹಾಗಾಗಿ ಹೆದರಲಿಲ್ಲ. ಹೆಸರು ಬರೆಸಿದೆಯಾ?

ಕೇಳುವುದಕ್ಕೆ ಕಾರಣವಿದೆ. ಯಜಮಾನ ಸೂರತ್ತಿನಿಂದ ಮೂವರು ಹುಡುಗರನ್ನು ಕರೆಸಿದ್ದಾನೆ, ಹೊಸ ಯಂತ್ರಗಳೂ ಬಂದಿವೆ. ಮಣಿ ಕೂರಿಸುವುದನ್ನೂ ಯಂತ್ರವೇ ಮಾಡುತ್ತದೆ. ಬರುವ ಮಾರ್ಚಿಗೆ ನನ್ನ ಕರಾರು ಮುಗಿಯುತ್ತದೆ, ಮುಂದೆ ಬರೆಯುವುದಿಲ್ಲ ಎಂದ. ಹೇಳುವಾಗ ಕಾಫಿ ತರಿಸಿದ. ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನನ್ನು ಎದುರಿಗೆ ಕೂರಿಸಿ ಕಾಫಿ ಕೊಟ್ಟದ್ದು.

ನನಗೇನೂ ಚಿಂತೆಯಿಲ್ಲ. ನಿನ್ನ ಸರದಿ ಇದೆಯಲ್ಲ. ಯಾವ ತಿಂಗಳಿಂದ ಬರುತ್ತದೆ ಎಂದು ಮಾತ್ರ ತಿಳಿಸು. ಅಲ್ಲಿಯವರೆಗೆ ಹೇಗೆ ನಡೆಸುವುದು ಎಂದು ಯೋಚಿಸಬೇಕು.

ಡಲ್ಸಿ


ನಾಪೋಲಿ
30 ಸೆಪ್ಟೆಂಬರ್ 2007

ಡಲ್ಸಿಗೆ,

ಅಸುಂತಾ ಅಜ್ಜಿ ಬಿದ್ದು ಸೊಂಟ ನೋಯಿಸಿಕೊಂಡರು, ಬರೆಯಲು ಬಿಡುವಾಗಲಿಲ್ಲ. ಈಗ ಊರುಗೋಲು ಹಿಡಿದು ಅಡುಗೆಮನೆಯವರೆಗೆ ಬರುತ್ತಾರೆ. ನನ್ನ ಮೀನಿನ ಹುಳಿ ವಾಸನೆಗೆ ಬೈಯುತ್ತಾರೆ, ಆಮೇಲೆ ರೊಟ್ಟಿಯಲ್ಲಿ ಅದ್ದಿ ತಿನ್ನುತ್ತಾರೆ.

ಹೆಸರು ಬರೆಸುವ ಕೆಲಸ ನಿಧಾನ. ಆ ವಿಷಯ ಬಿಡು. ನಿನ್ನ ಪಾಸ್‌ಪೋರ್ಟಿನ ಪ್ರತಿಯನ್ನು ಎಲ್ಲ ಪುಟಗಳೊಂದಿಗೆ ತಕ್ಷಣ ಕಳಿಸು. ಡಿಸೆಂಬರಿನ ಬಾಗಿಲಿಗೆ ಅರ್ಜಿ ಹಾಕಬೇಕು. ಯಾಕೆ, ಏನು ಎಂದು ಕೇಳುತ್ತಾ ಕೂರಬೇಡ. ನಾನು ಹೇಳಿದ್ದನ್ನು ಮಾಡಿ ನೀನು ಯಾವತ್ತೂ ಕೆಟ್ಟಿಲ್ಲ.

ಮಾರ್ಸಲೀನ್


ಕುವೈತ್
26 ಅಕ್ಟೋಬರ್ 2007

ಅಕ್ಕ,

ನಿನ್ನ ಕಾಗದವನ್ನು ಕೋಣೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಫೆಬ್ರುವರಿಯಲ್ಲಿ ಕೇಳದೆಯೇ ಕೊಟ್ಟೆ. ಸೆಪ್ಟೆಂಬರಿನಲ್ಲಿ ಆ ವಿಷಯ ಬಿಡು ಎನ್ನುತ್ತೀಯ. ನಡುವೆ ಏನಾಯಿತು ಎಂದು ನನಗೆ ಅರ್ಥವಾಗದೆ ಇಲ್ಲ. ರೋಷನನ ಹೆಂಡತಿ ಬಸುರಿ ಎಂದು ಜೂನಿನಲ್ಲಿ ಗೊತ್ತಾಯಿತು. ಮೊಮ್ಮಗು ಬರುವಾಗ ತಂಗಿಯ ಹೆಸರು ಬರೆಸುವ ಕೈ ಯಾರಿಗೆ ಬರುತ್ತದೆ? ನೇರವಾಗಿ ಬರೆದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ರೋಷನನ ಶಾಲೆಗೆ, ವ್ಯಾನಿಗೆ, ಮದುವೆಗೆ ನೀನು ಕೇಳಿದಾಗ ಯಾವಾಗಲಾದರೂ ಲೆಕ್ಕ ಕೇಳಿದ್ದೆನಾ?

ಈಗ ನಾಪೋಲಿಗೆ ಬಾ ಎನ್ನುತ್ತೀಯ. ನೀನು ಊರಿಗೆ ಹೋಗಿ ಮೊಮ್ಮಗುವನ್ನು ಆಡಿಸಬೇಕು, ನಿನ್ನ ಅಜ್ಜಿಯನ್ನು ನಾನು ನೋಡಿಕೊಳ್ಳಬೇಕು. ನಾನು ಹೇಳಿದ್ದನ್ನು ಮಾಡಿ ನೀನು ಯಾವತ್ತೂ ಕೆಟ್ಟಿಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ಇನ್ನೊಮ್ಮೆ ಓದಿಕೋ ಅಕ್ಕ.

ಪಾಸ್‌ಪೋರ್ಟಿನ ಪ್ರತಿ ಕಳಿಸುತ್ತಿಲ್ಲ.

ಡಲ್ಸಿ


ನಾಪೋಲಿ
12 ನವೆಂಬರ್ 2007

ಡಲ್ಸಿಗೆ,

ನಿನ್ನ ಕಾಗದ ಓದಿದೆ. ರೋಷನನ ಮಾತು ಬರೆದದ್ದಕ್ಕೆ ಕೆನ್ನೆಗೆ ಎರಡು ಬಿಗಿಯುತ್ತಿದ್ದೆ, ನಡುವೆ ಅರಬ್ಬಿಗಳ ಮರಳುಗಾಡು ಇಲ್ಲದಿದ್ದರೆ. ಈಗ ಕೂತು ಓದು.

ಮೇ ತಿಂಗಳಲ್ಲಿ ಸಹಾಯ ಕಚೇರಿಗೆ ಹೋದೆ. ನನ್ನ ನೀಲಿ ಲಂಗ, ಮುತ್ತಿನ ಸರ ಹಾಕಿಕೊಂಡು ಹೋದೆ, ಶುಭಕಾರ್ಯವೆಂದು. ಮೇಜಿನ ಹಿಂದೆ ಕನ್ನಡಕದ ಹುಡುಗಿ. ತೆರಿಗೆಯ ಲೆಕ್ಕ ಮುಗಿಯಿತು. ಆಮೇಲೆ ನಿನ್ನ ಹೆಸರಿನ ಚೀಟಿ ಮುಂದಿಟ್ಟು, ನನ್ನ ಸರದಿಯನ್ನು ಇವಳಿಗೆ ಬರೆಯಿರಿ ಎಂದೆ.

“ಇವ್ರು ಇಟಲಿಯಲ್ಲಿ ದುಡಿದಿದ್ದಾರಾ ಸಿಗ್ನೋರಾ?”

“ಇಲ್ಲ. ಕುವೈತಲ್ಲಿ.”

“ಹಾಗಾದ್ರೆ ಕುವೈತನ್ನೇ ಕೇಳ್ಬೇಕಲ್ವಾ?”

“ಕುವೈತು ಏನೂ ಕಡಿಯಲ್ಲ, ಅದಕ್ಕೇ ಏನೂ ಕೊಡಲ್ಲ. ನಾನು ಹಾಕಿರೋದನ್ನ ಅವಳಿಗೆ ಕೊಡಿ ಅಂತಿದೀನಿ.”

ಅವಳು ಪಕ್ಕದವನ ಕಡೆ ನೋಡಿದಳು. ಅವನೂ ನನ್ನನ್ನು ನೋಡಿದ. ನಗಲಿಲ್ಲ, ಅದೊಂದು ಪುಣ್ಯ. ತಂಗಿ ನಿಮ್ಮನ್ನೇ ನೆಚ್ಚಿಕೊಂಡು ಬದುಕ್ತಾ ಇದಾರಾ ಎಂದು ಕೇಳಿದಳು, ಅದಕ್ಕೊಂದು ಬೇರೆ ದಾರಿ ಇರಬಹುದೋ ಎಂದು.

“ಇಲ್ಲಮ್ಮ,” ಎಂದೆ. “ಇಷ್ಟು ವರ್ಷ ನಾವೇ ಅವಳನ್ನ ನೆಚ್ಕೊಂಡು ಬದುಕಿದ್ದು.”

ಆಗ ಅವಳು ಪೆನ್ನು ಕೆಳಗಿಟ್ಟಳು. “ಈ ವರ್ಷಗಳು ದುಡಿದವರ ಮೈಗೇ ಅಂಟ್ಕೊಂಡಿರ್ತವೆ ಸಿಗ್ನೋರಾ. ಬಿಚ್ಚಿ ಇನ್ನೊಬ್ಬರಿಗೆ ತೊಡಿಸೋಕೆ ಬರಲ್ಲ. ಮಾರೋಕೂ ಬರಲ್ಲ, ದಾನ ಮಾಡೋಕೂ ಬರಲ್ಲ.”

ಹನ್ನೊಂದು ವರ್ಷ ಸಾಲಿನಲ್ಲಿ ನಿಂತವಳು ನಾನು. ಚೌಕದಲ್ಲಿ ಎಲ್ಲರಿಗೂ ಇದು ಚೀಟಿಯಿದ್ದ ಹಾಗೆ ಎಂದು ವಿವರಿಸಿ ಹೇಳಿದವಳೂ ನಾನೇ. ಅಲ್ಲಿಂದ ಎದ್ದು ನಡೆದೇ ಮನೆಗೆ ಬಂದೆ. ನಿನಗೆ ಕೊಟ್ಟ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆ ಎಂದು ತಿಳಿಯಲಿಲ್ಲ. ನನಗೆ ಅದರ ಅಭ್ಯಾಸವಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಕಾಗದವನ್ನು ಬರೆಯಲು ಕೂತು ಎದ್ದೆ.

ಸುಮ್ಮನೆ ಮಾತ್ರ ಇರಲಿಲ್ಲ. ಮತ್ತೆ ಮತ್ತೆ ಆ ಹುಡುಗಿಯ ಹತ್ತಿರ ಹೋದೆ. ಈಗ ನನ್ನನ್ನು ದೂರದಿಂದ ಕಂಡರೇ ಕುರ್ಚಿ ಎಳೆದು ಇಡುತ್ತಾಳೆ. ಅವಳಿಂದ ತಿಳಿದದ್ದು ಇದು. ಇಪ್ಪತ್ತು ವರ್ಷ ತುಂಬುವವರೆಗೆ ಇಲ್ಲೇ ಇರಬೇಕು ಎಂದು ಚೌಕದವರು ಹೇಳುತ್ತಿದ್ದುದು ನನಗೆ ಅನ್ವಯಿಸುವುದಿಲ್ಲ. ತೊಂಬತ್ತಾರರಿಂದ ಈಚೆಗೆ ಮೊದಲ ಕಂತು ಕಟ್ಟಿದ ನಮ್ಮಂಥ ಹೊರಗಿನವರು ಊರಿಗೆ ಹೋಗಿಬಿಟ್ಟರೂ, ಅರವತ್ತೈದು ತುಂಬಿದ ಮೇಲೆ ಅಲ್ಲಿಂದಲೇ ಅರ್ಜಿ ಹಾಕಬಹುದು. ದೊಡ್ಡ ದುಡ್ಡಲ್ಲ, ಆದರೆ ಬದುಕಿರುವವರೆಗೆ ಬರುತ್ತದೆ. ಅಂದರೆ ನಾನು ಇಲ್ಲಿ ಕೂತು ಜಾಗ ಕಾಯಬೇಕಾಗಿಲ್ಲ. ಈ ಮನೆಯಲ್ಲಿ ಒಬ್ಬಳಿಗೇ ಕೆಲಸ. ನಾನು ಎದ್ದರೆ ನೀನು ಕೂರಬಹುದು. ನಿನಗೀಗ ನಲವತ್ತಾರು. ಅರವತ್ತೈದಕ್ಕೆ ಇನ್ನೂ ಬೇಕಾದಷ್ಟು ವರ್ಷವಿದೆ, ನಿನ್ನ ಮೈಗೇ ಅಂಟುವ ವರ್ಷಗಳು.

ನಾನು ಮೊಮ್ಮಗುವನ್ನು ಆಡಿಸಲು ಹೋಗಬೇಕು ಎಂದೆಯಲ್ಲ. ಹೋಗುತ್ತೇನೆ. ಆಡಿಸಿದರೆ ತಪ್ಪೇನು?

ಪಾಸ್‌ಪೋರ್ಟ್.

ನಿನ್ನ ಅಕ್ಕ
ಮಾರ್ಸಲೀನ್


ಕುವೈತ್
30 ನವೆಂಬರ್ 2007

ಪ್ರೀತಿಯ ಅಕ್ಕನಿಗೆ,

ಎಲ್ಲ ಪುಟಗಳ ಪ್ರತಿ ಇದರೊಳಗಿದೆ. ಬೇಗ ಸಿಗಲೆಂದು ಕೊರಿಯರಿನಲ್ಲಿ ಹಾಕಿದೆ, ಮೆರ್ಲಿನ್ ಅರ್ಧ ದುಡ್ಡು ಕೊಟ್ಟಳು. ನಿನ್ನ ಕಾಗದವನ್ನು ಈ ಸಲ ಓದಿ ಹೇಳಿದೆ. ನೀಲಿ ಲಂಗ, ಮುತ್ತಿನ ಸರ ಎಂದಾಗ ಯಾರೂ ನಗಲಿಲ್ಲ.

ನೀನು ಬರೆದೆ, ಹಾಗಾಗಿ ನಾನೂ ಬರೆಯುತ್ತೇನೆ. ಸೇವೆಯ ದುಡ್ಡು ಎಂದು ಜಂಬ ಕೊಚ್ಚಿದೆನಲ್ಲ, ಅದು ಇಲ್ಲ. ಎರಡು ವರ್ಷಕ್ಕೊಮ್ಮೆ ಕರಾರು ಹೊಸದು ಮಾಡುವಾಗ ಯಜಮಾನ ಇನ್ನೊಂದು ಹಾಳೆಗೂ ಸಹಿ ಹಾಕಿಸುತ್ತಿದ್ದ. ಇಲ್ಲಿಯವರೆಗಿನ ಲೆಕ್ಕವೆಲ್ಲ ಚುಕ್ತಾ ಆಯಿತು, ನನಗೆ ಬರಬೇಕಾದ್ದು ಏನೂ ಇಲ್ಲ ಎಂದು ಅರಬ್ಬಿಯಲ್ಲಿ ಇತ್ತಂತೆ. ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ, ಮೆರ್ಲಿನಳಿಗೂ ಹಾಗೇ ಆದಾಗ. ಅವನು ಕೆಟ್ಟವನೂ ಅಲ್ಲ ಅಕ್ಕ, ರಂಜಾನಿಗೆ ಖರ್ಜೂರ, ನಮ್ಮ ಕ್ರಿಸ್‌ಮಸ್‌ಗೆ ಕೇಕು ತಪ್ಪಿಸಿದವನಲ್ಲ. ಕೊಡುವುದನ್ನು ಕೈಯಾರೆ ಕೊಡಲು ಇಷ್ಟ ಅವನಿಗೆ, ಕಾನೂನು ಹೇಳಿದ್ದಕ್ಕಲ್ಲ. ಗೊತ್ತಾದ ಮೇಲೂ ಮತ್ತೊಮ್ಮೆ ಸಹಿ ಹಾಕಿದೆ. ಹಾಕದಿದ್ದರೆ ಕರಾರು ಇರುತ್ತಿರಲಿಲ್ಲ.

ಇನ್ನೊಂದು. ಪೆನ್ನು ಕೆಟ್ಟದ್ದಲ್ಲ. ಹತ್ತಿರದ್ದು ಕಾಣುವುದಿಲ್ಲ, ನಿನ್ನ ಕಾಗದವನ್ನೂ ಕೈ ಚಾಚಿ ದೂರ ಹಿಡಿದೇ ಓದುತ್ತೇನೆ. ಸೂಜಿಗೆ ದಾರ ಮೆರ್ಲಿನ್ ಪೋಣಿಸಿ ಕೊಡುತ್ತಾಳೆ, ನಾನು ಮಣಿಯನ್ನು ಬೆರಳಿನಿಂದ ಗುರುತಿಸಿ ಹೊಲಿಯುತ್ತೇನೆ. ಡಾಕ್ಟರಲ್ಲಿಗೆ ಹೋದರೆ ಸುದ್ದಿ ಅಂಗಡಿಗೆ ಮುಟ್ಟುತ್ತದೆ ಎಂದು ಹೋಗಲಿಲ್ಲ. ಇಂಥ ಕಣ್ಣಿನವಳಿಗೆ ನಿನ್ನ ಅಜ್ಜಿ ಕೆಲಸ ಕೊಡುತ್ತಾರಾ? ಕೇಳಿ ನೋಡು. ಬೇಡ ಎಂದರೆ ಈಗಲೇ ಬೇಡ ಎನ್ನಲಿ.

ನಿನ್ನ
ಡಲ್ಸಿ


ನಾಪೋಲಿ
16 ಡಿಸೆಂಬರ್ 2007

ಡಲ್ಸಿಗೆ,

ನಿನ್ನೆ ಬೆಳಿಗ್ಗೆ ಅರ್ಜಿ ಹೋಯಿತು. ಈಗೆಲ್ಲ ಕಂಪ್ಯೂಟರಿನಲ್ಲೇ ಕಳಿಸುವುದು, ಎಂಟು ಗಂಟೆಗೆ ಬಾಗಿಲು ತೆರೆದ ಕೂಡಲೇ ಇಡೀ ದೇಶ ಒಟ್ಟಿಗೆ ನುಗ್ಗುತ್ತದೆ. ಆ ಸಾಲಿನಲ್ಲಿ ತಳ್ಳಲು ನನಗೆ ಬರುವುದಿಲ್ಲ. ಸಹಾಯ ಕಚೇರಿಯ ಹುಡುಗಿ ಒತ್ತಿದಳು, ನಾನು ಹಿಂದೆ ನಿಂತು ಜಪಸರ ಹಿಡಿದಿದ್ದೆ. ಉತ್ತರಕ್ಕೆ ವರ್ಷವೇ ಹಿಡಿಯಬಹುದಂತೆ.

ಅಜ್ಜಿಗೆ ನಿನ್ನ ಕಣ್ಣಿನ ವಿಷಯ ಹೇಳಿದೆ. “ನಂಗೂ ಕಾಣ್ಸಲ್ಲ. ಇಬ್ರೂ ಒಬ್ಬರನ್ನೊಬ್ರು ಹುಡುಕ್ತಾ ಕಾಲ ಕಳೀತೀವಿ, ಬರ್ಲಿ,” ಎಂದರು.

ಆದರೆ ಚೀರೋ ಅರ್ಜಿಯಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಎಂದಷ್ಟೇ ಬರೆಸಿದ್ದಾನೆ. ಕಾನೂನಿಗೆ ಬೇಕಾದಷ್ಟು ಮಾತ್ರ. ಕೆಲಸ ನಲವತ್ತು ಗಂಟೆಯದ್ದು, ಸಂಬಳವನ್ನೂ ನಲವತ್ತಕ್ಕೇ ಕೊಡುತ್ತಾನೆ, ಅರ್ಧ ಕಾಗದದ ಮೇಲೆ, ಅರ್ಧ ಕೈಯಲ್ಲಿ. ಕಡಿತ ಕಮ್ಮಿ, ಇಬ್ಬರಿಗೂ ಲಾಭ ಎನ್ನುತ್ತಾನೆ. ನಿನಗೂ ಹಾಗೇ ಹೇಳುತ್ತಾನೆ, ನಗುನಗುತ್ತಾ ಹೇಳುತ್ತಾನೆ. ಕಾಫಿಯನ್ನೂ ಕೊಡಬಹುದು. ಕೈಯಲ್ಲಿ ಬಂದ ಅರ್ಧ ಪಿಂಚಣಿಯ ಲೆಕ್ಕಕ್ಕೆ ಸೇರುವುದಿಲ್ಲ, ಅದು ಅಲ್ಲೇ ಮುಗಿಯುತ್ತದೆ. ಆಗ ನಾನು ಪಕ್ಕದಲ್ಲಿ ಇರುತ್ತೇನೋ ಇಲ್ಲವೋ. ಸಹಿ ಹಾಕುವ ಕೈ ನಿನ್ನದು.

ಮಾರ್ಸಲೀನ್


ವೆನ್ನಪ್ಪುವ
3 ಆಗಸ್ಟ್ 2008

ಪ್ರೀತಿಯ ಅಕ್ಕನಿಗೆ,

ಏಪ್ರಿಲಿನಿಂದ ನಿನ್ನ ಮನೆಯಲ್ಲಿದ್ದೇನೆ. ಇಡೀ ಬೀದಿಯಲ್ಲಿ ಇಟಲಿಯ ದುಡ್ಡಿನ ಮನೆಗಳೇ, ಎಲ್ಲದಕ್ಕೂ ಬಾಲ್ಕನಿ, ಯಾವ ಬಾಲ್ಕನಿಯಲ್ಲೂ ಜನರಿಲ್ಲ. ನಿನ್ನದರಲ್ಲಿ ಈಗ ನಾನು ಕೂತು ಮಗುವಿಗೆ ಅಂಗಿ ಹೊಲಿಯುತ್ತೇನೆ. ರೋಷನನ ಮಗಳು ನಿನ್ನ ಹಾಗೇ ಹುಬ್ಬು ಗಂಟು ಹಾಕುತ್ತಾಳೆ, ನೋಡಿದರೆ ಎದ್ದು ನಿಲ್ಲಬೇಕು ಅನಿಸುತ್ತದೆ.

ಹೊಲಿಯುತ್ತೇನೆ ಎಂದು ಬರೆದದ್ದು ಗಮನಿಸಿದೆಯಾ? ರೋಷನ್ ನನ್ನನ್ನು ವ್ಯಾನಿನಲ್ಲಿ ನೆಗೊಂಬೊದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಕಣ್ಣಿಗೆ ದೀಪ ಹಿಡಿದು ನೋಡಿ, “ವಯಸ್ಸಾಗಿದೆ ಅಷ್ಟೇ, ಕನ್ನಡಕ ಹಾಕೊಳ್ಳಿ,” ಎಂದರು. ಒಂದು ಕಾಸೂ ಕೇಳಲಿಲ್ಲ. ಇಷ್ಟು ದಿನ ಹೆದರಿದ್ದು ಎರಡು ತುಂಡು ಗಾಜಿಗೆ. ಮನೆಗೆ ಬಂದು ಸೂಜಿಗೆ ನಾನೇ ದಾರ ಪೋಣಿಸಿದೆ. ಚಿಕ್ಕತ್ತೆ ಯಾಕೆ ಸೂಜಿ ಹಿಡಿದು ಅಳುತ್ತಿದ್ದಾರೆ ಎಂದು ರೋಷನನ ಹೆಂಡತಿ ಗಾಬರಿಯಾದಳು.

ರೋಷನ್ ಒಳ್ಳೆಯ ಹುಡುಗ ಅಕ್ಕ. ನಾನು ಹೋದ ವರ್ಷ ಅವನ ಬಗ್ಗೆ ಬರೆದದ್ದನ್ನು ಹರಿದುಹಾಕು.

ನಾಪೋಲಿಯಿಂದ ಏನಾದರೂ ಸುದ್ದಿ ಉಂಟಾ?

ಡಲ್ಸಿ


ನಾಪೋಲಿ
8 ಫೆಬ್ರುವರಿ 2009

ಡಲ್ಸಿಗೆ,

ಅನುಮತಿ ಬಂತು. ಕೊಲಂಬೊದ ಇಟಲಿ ರಾಯಭಾರ ಕಚೇರಿಗೆ ಹೋಗುವಾಗ ಸೀರೆ ಉಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಬರುವಾಗ ಉಂಬಲಕಡದ ಒಣಮೀನು, ಕರಿಬೇವು, ಹುರಿದ ಮಸಾಲೆಪುಡಿ ತಾ. ಅಜ್ಜಿ ಕೇಳಿದ್ದಾರೆ, ನಾನಲ್ಲ.

ನೀನು ಬಂದ ವಾರದಲ್ಲೇ ನಾನು ಹೊರಡುತ್ತೇನೆ. ಹೆಚ್ಚು ದಿನ ಜೊತೆಗಿದ್ದರೆ ಅಜ್ಜಿ ಇಬ್ಬರ ಅಡುಗೆಯನ್ನು ಹೋಲಿಸಲು ಶುರು ಮಾಡುತ್ತಾರೆ, ನನಗೆ ಅದು ಇಷ್ಟವಿಲ್ಲ.

ಮಾರ್ಸಲೀನ್


ನಾಪೋಲಿ
12 ಜುಲೈ 2009

ಪ್ರೀತಿಯ ಅಕ್ಕನಿಗೆ,

ಈ ಕಾಗದವನ್ನು ಕೂತು ಓದು ಎಂದು ನಾನು ಹೇಳುವ ಸರದಿ.

ನಿನ್ನ ವಿಮಾನ ಹೊರಟ ಮೂರನೆಯ ದಿನ ಸಹಿಯ ಕೆಲಸಕ್ಕೆ ಚೀರೋ ಬಂದ. ನೀನು ಹೇಳಿದ ಹಾಗೇ ನಗುನಗುತ್ತಾ ಬಂದ, ಕಾಫಿಯನ್ನು ಮಾತ್ರ ನಾನೇ ಮಾಡಬೇಕಾಯಿತು. ಕಾಗದದಲ್ಲಿ ಇಪ್ಪತ್ತು ಇತ್ತು. ನನ್ನ ಇಟಾಲಿಯನ್ ನಿನಗೆ ಗೊತ್ತು. ನಲವತ್ತು ಎನ್ನುವ ಪದ ಒಂದನ್ನು ಚೆನ್ನಾಗಿ ಕಲಿತಿಟ್ಟುಕೊಂಡಿದ್ದೆ. ಅದನ್ನೇ ಹೇಳಿದೆ. ಅವನು ಕೈಯಲ್ಲಿ ಹೆಚ್ಚು ಸಿಗುತ್ತದೆ ಎಂದು ಲೆಕ್ಕ ಬಿಡಿಸಿ ತೋರಿಸಿದ. ನಿಜವಾಗಿಯೂ ಹೆಚ್ಚೇ ಇತ್ತು ಅಕ್ಕ. ಕುವೈತಿನ ಲಕೋಟೆಯ ಹಾಗೆ ದಪ್ಪಗೆ ಕಾಣುತ್ತಿತ್ತು. ಒಂದು ಗಳಿಗೆ ನನ್ನ ಕೈ ಪೆನ್ನಿನ ಕಡೆ ಹೋಯಿತು, ಸುಳ್ಳು ಯಾಕೆ ಹೇಳಲಿ. ಹದಿನಾರು ವರ್ಷ ಅಭ್ಯಾಸವಾದ ಕೈ.

ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮತ್ತೆ ನಲವತ್ತು ಎಂದೆ. ಅವನು ಇನ್ನೊಮ್ಮೆ ವಿವರಿಸಿದ. ನಾನು ಇನ್ನೊಮ್ಮೆ ಅದೇ ಪದ ಹೇಳಿದೆ. ಕೊನೆಗೆ ಅಜ್ಜಿ ಒಳಗಿನಿಂದ ಕೂಗಿದರು, ಅವರು ಹೇಳಿದ್ದನ್ನು ಆಮೇಲೆ ಅಜ್ಜಿಯಿಂದಲೇ ಕೇಳಿ ಚಂದ್ರಾಣಿ ತಿಳಿಸಿದಳು.

“ಬರೆಯೋ ಚೀರೋ. ದೊಡ್ಡವಳು ಹೋದ್ಲು ಅಂದ್ಕೊಂಡ್ಯಾ? ಚಿಕ್ಕವಳು ಅವಳಪ್ಪ.”

ಬರೆದ.

ಮೊನ್ನೆ ಮೊದಲ ಕಂತು ಕಟ್ಟಲು ಅಂಚೆ ಕಚೇರಿಗೆ ಹೋದೆ. ಬಾಗಿಲು ತೆಗೆಯುವ ಮೊದಲೇ ಹೋಗಿದ್ದೆ, ಆದರೂ ಆರು ಜನ ಮುಂದಿದ್ದರು. ತಳ್ಳಲಿಲ್ಲ, ನನಗೆ ಇನ್ನೂ ಬರುವುದಿಲ್ಲ. ಗಾಜಿನ ಹಿಂದಿನವನು ಠಸ್ಸೆ ಹೊಡೆದು ಕೊಟ್ಟ. ಹೊಸ ಕನ್ನಡಕ ಹಾಕಿಕೊಂಡು ಬೀದಿಯಲ್ಲೇ ನಿಂತು ಓದಿದೆ. ನನ್ನ ಹೆಸರು, ಜ್ಞಾನಸ್ನಾನದ ಪತ್ರದಲ್ಲಿ ಇರುವ ಹಾಗೆಯೇ. ಕಡಿತ ಎಂದು ಅಷ್ಟು ನಕ್ಕವಳು ನಾನು. ಆ ದುಡ್ಡು ಹೋದದ್ದಕ್ಕೆ ಒಂದಿಷ್ಟೂ ಬೇಸರವಾಗಲಿಲ್ಲ. ಬೇರೆ ಯಾವ ದುಡ್ಡೂ ಕಳಿಸಿದ ಮೇಲೆ ನನ್ನ ಹೆಸರಿನಲ್ಲಿ ಹಾಗೆ ಉಳಿದಿರಲಿಲ್ಲ.

ಉಳಿದದ್ದನ್ನು ನಿನ್ನ ಖಾತೆಗೆ ಹಾಕಿದ್ದೇನೆ. ಮೇಲಿನ ಮಾಳಿಗೆ ಸೋರುತ್ತದೆ ಎಂದು ರೋಷನ್ ಹೇಳಿದ. ಮುಂದಿನ ತಿಂಗಳೂ ಹಾಕುತ್ತೇನೆ.

ನಿನ್ನ
ಡಲ್ಸಿ


ವೆನ್ನಪ್ಪುವ
2 ಆಗಸ್ಟ್ 2009

ಪ್ರೀತಿಯ ಡಲ್ಸಿಗೆ,

ಕೂತೇ ಓದಿದೆ. ಬಾಲ್ಕನಿಯಲ್ಲಿ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು. ರೋಷನನಿಗೂ ಓದಿ ಹೇಳಿದೆ. ನಲವತ್ತು ಎನ್ನುವ ಜಾಗ ಅವನಿಗೆ ಎರಡು ಸಲ ಬೇಕಾಯಿತು.

ನೀನು ಕಳಿಸಿದ ದುಡ್ಡನ್ನು ವಾಪಸು ಹಾಕಿಸಿದ್ದೇನೆ. ಮಾಳಿಗೆ ನನ್ನದು, ಸೋರಿದರೆ ನಾನು ಪಾತ್ರೆ ಇಡುತ್ತೇನೆ. ರೋಷನ್ ಗಂಡಸು, ಹೆಂಚು ಹೊರಲಿ. ಚಳಿಗಾಲಕ್ಕೆ ಒಳ್ಳೆಯ ಬೂಟು ಕೊಂಡುಕೋ. ಆ ಅಂಚೆ ಕಚೇರಿಯ ಬಾಗಿಲಲ್ಲಿ ಜನವರಿಯಲ್ಲಿ ಕಾಲು ಮರಗಟ್ಟುತ್ತದೆ.

ಭಾನುವಾರ ಪೂಜೆಯಾದ ಮೇಲೆ ಇಲ್ಲಿಯ ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ. ಒಬ್ಬಳಿಗೆ ಕುವೈತು ಬಂದಿದೆ, ಒಬ್ಬಳಿಗೆ ದೋಹಾ, ಒಬ್ಬಳಿಗೆ ಮಿಲಾನೊ. ಎಲ್ಲರೂ ಕೇಳುವುದು ಒಂದೇ, ಕೈಗೆ ಎಷ್ಟು ಸಿಗುತ್ತದೆ ಎಂದು. ಯಾವ ಊರು ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ಕೈಗೆ ಬಂದದ್ದು ಯಾರ ಕೈಗೆ ಹೋಗುತ್ತದೆ ಅಂತ ಮೊದಲು ಕೇಳ್ಕೊಳ್ಳಿ ಎನ್ನುತ್ತೇನೆ. ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಾರೆ, ಮುಂದಿನ ಭಾನುವಾರ ಮತ್ತೆ ಬರುತ್ತಾರೆ.

ನೀನು ಹುಟ್ಟಿದಾಗಿನಿಂದ ನಿನ್ನನ್ನು ನೋಡಿದ್ದೇನೆ. ಕೇಳಿದವರಿಗೂ ಕೊಡುತ್ತೀಯ, ಕೇಳದವರಿಗೂ ಕೊಡುತ್ತೀಯ, ನನಗಂತೂ ಕೊಟ್ಟೇ ಕೊಟ್ಟೆ. ಸಹಾಯ ಕಚೇರಿಯ ಆ ಹುಡುಗಿ ಪೆನ್ನು ಕೆಳಗಿಟ್ಟು ಹೇಳಿದ ಮಾತಿಗೆ ನಾಲ್ಕು ತಿಂಗಳು ಉರಿದುಕೊಂಡಿದ್ದೆ. ಈಗ ಬಾಲ್ಕನಿಯಲ್ಲಿ ಕೂತು ಯೋಚಿಸಿದರೆ ಬೇರೆಯೇ ಅನಿಸುತ್ತದೆ. ನಿನ್ನ ಜೀವನದಲ್ಲಿ ನೀನು ಯಾರಿಗೂ ಕೊಡಲಾರದ್ದು ಮೈಗೆ ಅಂಟುವ ಈ ವರ್ಷಗಳು ಮಾತ್ರ ಡಲ್ಸಿ. ಅಳುತ್ತಾ ಬಂದು ಕೇಳಿದರೂ ಕೊಡಲಾರೆ, ನಾನೇ ಕೇಳಿದರೂ ಕೊಡಲಾರೆ. ಅಷ್ಟು ಒಳ್ಳೆಯ ಕಾನೂನನ್ನು ನಾನು ಇನ್ನೊಂದು ನೋಡಿಲ್ಲ.

ನಿನ್ನ ಅಕ್ಕ
ಮಾರ್ಸಲೀನ್